ಟೋಟಲ್ ಲಾಸ್ ಆದ ಕಾರಿಗೆ ಗುಜರಿ ಬೆಲೆ ಕಳೆದು ಕೊಡ್ತೀವಿ ಅಂದರೆ ಸಹಿ ಹಾಕಬೇಕೇ?

ನಿಮ್ಮ ಪ್ರಶ್ನೆಯ ಸಾರಾಂಶ ಹೀಗಿದೆ. ಸಿಂಧನೂರಿನ ಕಾರು, ನಾಲ್ಕನೇ ವರ್ಷದ್ದು. ಸಿರುಗುಪ್ಪದ ಹತ್ತಿರ ಭತ್ತದ ಲಾರಿಗೆ ಗುದ್ದಿ ಈಗ ಬಳ್ಳಾರಿಯ ವರ್ಕ್‌ಶಾಪ್‌ನಲ್ಲಿ ನಿಂತಿದೆ. ಪಾಲಿಸಿಯಲ್ಲಿ ಐಡಿವಿ (ವಿಮೆಗೆ ಒಪ್ಪಿದ ಗಾಡಿಯ ಮೌಲ್ಯ) 5,20,000, ರಿಪೇರಿ ಎಸ್ಟಿಮೇಟ್ 4,60,000, ಬ್ಯಾಂಕಿನ ಸಾಲ ಬಾಕಿ 2,40,000. ಟೋಟಲ್ ಲಾಸ್, ಅಂದರೆ ರಿಪೇರಿಗೆ ಗಿಟ್ಟದ ಗಾಡಿ ಅಂತ ಒಪ್ಪಿದ ವಿಮಾ ಕಂಪನಿ ಈಗ ‘3,10,000 ಕೊಡ್ತೀವಿ, ಗಾಡಿ ನೀವೇ ಇಟ್ಟುಕೊಳ್ಳಿ’ ಅನ್ನುತ್ತಿದೆ.

ಈಗಲೇ ಸಹಿ ಹಾಕಬೇಡಿ. ಮೊದಲು 3,10,000 ಎಲ್ಲಿಂದ ಬಂತು ನೋಡ್ರಿ. 5,20,000ದಲ್ಲಿ ಕಡ್ಡಾಯ ಕಡಿತ 1,000 ಹೋಗುತ್ತದೆ (1500 ಸಿಸಿ ಮೇಲಿನ ಇಂಜಿನ್ ಆಗಿದ್ದರೆ 2,000). ಅದನ್ನು ಬಿಟ್ಟರೆ ಉಳಿದ 2,09,000 ಪೂರ್ತಿ ಗುಜರಿ ಬೆಲೆ, ಅಂದರೆ ಸಾಲ್ವೇಜ್. ಐಡಿವಿಯನ್ನು ಅವರು ಮುಟ್ಟಿಲ್ಲ. ಹಾಗಾಗಿ ನಿಮ್ಮ ತಕರಾರು ಆ 2,09,000ದ ಮೇಲೆ ಮಾತ್ರ ಇರಲಿ. ಐಡಿವಿ ಸಾಲದು, ಹೊಸ ಕಾರಿನ ಬೆಲೆ ಇಷ್ಟಾಗಿದೆ ಅಂತ ಬರೆಯುತ್ತಾ ಕೂತರೆ ಅಸಲು ವಿಷಯ ಮರೆಯಾಗುತ್ತದೆ.

ಐಡಿವಿಯಿಂದ ಗುಜರಿ ಬೆಲೆ ಕಳೆಯಬಹುದು ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ, ಅದನ್ನು ಅಲ್ಲಗಳೆಯಲು ಆಗುವುದಿಲ್ಲ. ಆದರೆ ಆ ಬೆಲೆ ನಿಜವಾಗಿ ಕೈಗೆ ಸಿಗುವಂಥದ್ದಾಗಿರಬೇಕು. ಸಾಮಾನ್ಯವಾಗಿ ಕಂಪನಿಗಳು ಜಖಂ ಗಾಡಿಯ ಫೋಟೋಗಳನ್ನು ಆನ್‌ಲೈನ್ ಹರಾಜಿಗೆ ಹಾಕುತ್ತವೆ. ಗಾಡಿಯನ್ನು ಕಣ್ಣಿಂದ ನೋಡದ ದೂರದ ಖರೀದಿದಾರರು ಬಿಡ್ ಹಾಕುತ್ತಾರೆ, ಅದರಲ್ಲಿ ಹೆಚ್ಚಿನದನ್ನು ಕಂಪನಿ ನಿಮ್ಮ ಲೆಕ್ಕದಲ್ಲಿ ಕಳೆಯುತ್ತದೆ. ಆಮೇಲೆ ಅದೇ ಖರೀದಿದಾರ ಫೋನ್ ಎತ್ತುವುದಿಲ್ಲ, ಇಲ್ಲವೇ ವರ್ಕ್‌ಶಾಪ್‌ಗೆ ಬಂದು ನೋಡಿ ‘ಒಂದು ಲಕ್ಷದ ಇಪ್ಪತ್ತು ಸಾವಿರ ಕೊಡ್ತೀನಿ’ ಅನ್ನುತ್ತಾನೆ. ಆ 89,000 ನಿಮ್ಮ ತಲೆ ಮೇಲೆ ಬೀಳುತ್ತದೆ. ಇನ್ನೊಂದು ಸೂಕ್ಷ್ಮ ಇದೆ: ಆರ್‌ಸಿ (ನೋಂದಣಿ ಪತ್ರ) ಸಹಿತ ಒಂದು ಬಿಡ್, ಆರ್‌ಸಿ ರದ್ದಾದ ಗಾಡಿಗೆ ಇನ್ನೊಂದು ಬಿಡ್ ಬರುತ್ತದೆ. ಆರ್‌ಸಿ ಸಹಿತದ್ದು ಜಾಸ್ತಿ. ಅದನ್ನು ಕಳೆದು, ನಿಮ್ಮಿಂದ ಆರ್‌ಸಿ ರದ್ದು ಮಾಡಿಸಿದರೆ ಲೆಕ್ಕ ಕೂಡುವುದೇ ಇಲ್ಲ.

ಆದ್ದರಿಂದ ಕಂಪನಿಯ ಕ್ಲೇಮ್ ವಿಭಾಗಕ್ಕೆ ಇಂದೇ ಒಂದು ಮೇಲ್ ಹಾಕಿ. ಬಂದ ಬಿಡ್‌ಗಳೆಲ್ಲ ಯಾವುವು, ಹೆಚ್ಚಿನ ಬಿಡ್ ಹಾಕಿದವರು ಯಾರು, ಅದು ಆರ್‌ಸಿ ಸಹಿತವೋ ರಹಿತವೋ, ಯಾವ ತಾರೀಖಿನವರೆಗೆ ಚಾಲ್ತಿಯಲ್ಲಿದೆ ಎಂದು ಕೇಳಿ. ಕೆಳಗೆ ಹೀಗೆ ಬರೆಯಿರಿ: ‘ಗುಜರಿಯನ್ನು ಇಟ್ಟುಕೊಳ್ಳಲು ನನಗೆ ಇಷ್ಟವಿಲ್ಲ. ಕಂಪನಿಯೇ ಅದನ್ನು ವಶಕ್ಕೆ ತೆಗೆದುಕೊಂಡು 5,19,000 ಪಾವತಿಸಲಿ, ಅಥವಾ 2,09,000ಕ್ಕೆ ಕೊಳ್ಳುವ ಬಿಡ್‌ದಾರರನ್ನು ಚಾಲ್ತಿ ಅವಧಿಯೊಳಗೆ ಕಳುಹಿಸಲಿ.’ ಈ ಎರಡು ಸಾಲಿಗೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಬಿಡ್‌ದಾರ ಬಂದರೆ ಹಣ ನಿಮ್ಮ ಖಾತೆಗೆ ಜಮೆಯಾದ ಮೇಲೆಯೇ ಗಾಡಿ ಬಿಡಿ. ಬರದಿದ್ದರೆ 2,09,000 ಅನ್ನುವುದು ಬರೀ ಕಾಗದದ ಬೆಲೆ ಎಂಬುದಕ್ಕೆ ಅದೇ ಸಾಕ್ಷಿ. ಬಳ್ಳಾರಿಯ ಇಬ್ಬರು ಹಳೇ ಗಾಡಿ ವ್ಯಾಪಾರಿಗಳಿಂದ ಲೆಟರ್‌ಹೆಡ್ ಮೇಲೆ ಬೆಲೆ ಬರೆಸಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಅದೇ ಮೇಲ್‌ನಲ್ಲಿ ಸರ್ವೆ ವರದಿಯ, ಅಂದರೆ ಹಾನಿ ಅಂದಾಜು ಮಾಡುವ ಸರ್ವೇಯರ್ ಬರೆದ ವರದಿಯ ಪ್ರತಿ ಕೇಳಿ. ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಮಾಸ್ಟರ್ ಸುತ್ತೋಲೆಯ ಪ್ರಕಾರ ಸರ್ವೇಯರ್ ನೇಮಕವಾದ 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು. ವರದಿ ಕೈಯಲ್ಲಿರುವುದು ಯಾಕೆ ಮುಖ್ಯ ಅಂದರೆ, ನೀವು ಗಟ್ಟಿ ನಿಂತಾಗ ಕಂಪನಿ ‘ಹಾಗಾದರೆ ಇದು ಟೋಟಲ್ ಲಾಸ್ ಅಲ್ಲ, ರಿಪೇರಿ ಮಾಡಿಸಿ’ ಎಂದು ತಿರುಗಬಹುದು. ಗಾಡಿ ಎತ್ತಿ ತರುವ ಖರ್ಚು ಮತ್ತು ರಿಪೇರಿ ಸೇರಿ ಐಡಿವಿಯ ಶೇ. 75 ದಾಟಿದರೆ ಟೋಟಲ್ ಲಾಸ್. ನಿಮ್ಮ ಗಡಿ 3,90,000. ಆದರೆ ಲೆಕ್ಕ ಹಿಡಿಯುವುದು ಪಾಲಿಸಿಯ ಷರತ್ತಿಗೆ ಒಳಪಟ್ಟ ಮೊತ್ತವನ್ನು, ಅಂದರೆ ಸವಕಳಿ ಕಳೆದ ಮೇಲಿನದ್ದನ್ನು. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ. 50, ಫೈಬರ್‌ಗೆ ಶೇ. 30, ಗಾಜಿಗೆ ಇಲ್ಲ, ಮೂರರಿಂದ ನಾಲ್ಕು ವರ್ಷದ ಗಾಡಿಯ ಕಬ್ಬಿಣದ ಭಾಗಗಳಿಗೆ ಶೇ. 25. ಎಸ್ಟಿಮೇಟ್‌ನಲ್ಲಿ 60,000 ಇರುವ ಏರ್‌ಬ್ಯಾಗ್ ಜೋಡಿ 30,000ಕ್ಕೆ ಇಳಿಯುತ್ತದೆ, 12,000ದ ಬಂಪರ್ 6,000ಕ್ಕೆ. ಹೀಗೆ 4,60,000 ಸಲೀಸಾಗಿ 3,90,000ದ ಕೆಳಗೆ ಜಾರುತ್ತದೆ.

ನಿಮ್ಮದು ಝೀರೋ ಡೆಪ್ (ಸವಕಳಿ ಕಳೆಯದ) ಪಾಲಿಸಿಯೇ ಎಂದು ಶೆಡ್ಯೂಲ್ ತೆಗೆದು ನೋಡಿ. ಆಗಿದ್ದರೆ ಅದರ ವ್ಯಾಪ್ತಿಗೆ ಬರುವ ಭಾಗಗಳಿಗೆ ಸವಕಳಿ ಕಳೆಯುವಂತಿಲ್ಲ, ಆ ವಾದ ಅಲ್ಲೇ ನಿಲ್ಲುತ್ತದೆ. ಇಲ್ಲದಿದ್ದರೆ ಮುಂಭಾಗ ಬಿಚ್ಚಿಸಿ ಒಳಗಿನ ಹಾನಿಯ ಪೂರಕ ಎಸ್ಟಿಮೇಟ್ ಮಾಡಿಸಿ. ಲಾರಿಯ ಹಿಂಬದಿಗೆ ಗುದ್ದಿದ ಗಾಡಿಯಲ್ಲಿ ರೇಡಿಯೇಟರ್, ಎಸಿ ಕಂಡೆನ್ಸರ್, ಇಂಜಿನ್ ಮೌಂಟಿಂಗ್, ಚಾಸಿಯ ಮುಂದಿನ ಉದ್ದ ಪಟ್ಟಿ, ಸೀಟ್‌ಬೆಲ್ಟ್‌ನ ಬಿಗಿಯುವ ಯಂತ್ರ ಇವೆಲ್ಲ ಮೊದಲ ಎಸ್ಟಿಮೇಟ್‌ನಲ್ಲಿ ಬಿಟ್ಟುಹೋಗಿರುವುದು ತೀರಾ ಸಾಮಾನ್ಯ.

‘ಮಾರುಕಟ್ಟೆ ಬೆಲೆ ಇಷ್ಟಿಲ್ಲ’ ಎಂಬ ಮಾತು ಬಂದರೆ ಹೆದರಬೇಡಿ. ಟೋಟಲ್ ಲಾಸ್‌ಗೆ ಐಡಿವಿಯೇ ಪಾಲಿಸಿ ಅವಧಿಯುದ್ದಕ್ಕೂ ಮಾರುಕಟ್ಟೆ ಬೆಲೆ ಎಂದು ಪಾಲಿಸಿಯಲ್ಲೇ ಅಚ್ಚಾಗಿದೆ. ತಾನೇ ಒಪ್ಪಿ ಪ್ರೀಮಿಯಂ ಪಡೆದ ಮೌಲ್ಯದಿಂದ ಕಂಪನಿ ಹಿಂದೆ ಸರಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಧರ್ಮೇಂದ್ರ ಗೋಯಲ್ ಪ್ರಕರಣದಲ್ಲಿ ಹೇಳಿದೆ. ಸರ್ವೇಯರ್ ವರದಿಯೇ ಅಂತಿಮವಲ್ಲ ಎಂಬುದಕ್ಕೆ 2009ರ ಪ್ರದೀಪ್ ಕುಮಾರ್ ತೀರ್ಪಿದೆ.

ಮೇಲ್‌ಗೆ ಸರಿಯಾದ ಉತ್ತರ ಬರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಒಂದು ತಿಂಗಳಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರು, ಅಂದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಕಂಪನಿಯ ಕೊನೆಯ ಉತ್ತರ ಬಂದು ವರ್ಷದೊಳಗೆ ಹೋಗಬೇಕು. ನಿಮ್ಮದು ಮೊತ್ತದ ಜಗಳ, ಕಾಗದಗಳೇ ಮಾತಾಡುತ್ತವೆ, ಹಾಗಾಗಿ ಮೊದಲು ಇಲ್ಲಿಗೇ ಹೋಗಿ ಎನ್ನುತ್ತೇನೆ. ಗ್ರಾಹಕ ಆಯೋಗದಲ್ಲಿ ಕೇಸು ಹಾಕಿಬಿಟ್ಟರೆ ಲೋಕಪಾಲರ ಬಾಗಿಲು ಮುಚ್ಚುತ್ತದೆ. ಆಯೋಗಕ್ಕೇ ಹೋಗುವುದಾದರೆ ಬಳ್ಳಾರಿಗೆ ಅಲೆಯಬೇಕಿಲ್ಲ. ನೀವು ವಾಸವಿರುವ ರಾಯಚೂರು ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕ ನೋಡುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ, ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ.

ಹಣದ ತುರ್ತಿದ್ದರೆ, ಒಪ್ಪಿದ ಮೊತ್ತವನ್ನು ಆಕ್ಷೇಪಣೆಯೊಂದಿಗೆ ಪಡೆಯುತ್ತೇನೆ ಎಂದು ವೋಚರ್‌ಗೆ (ಹಣ ಪಡೆದ ರಸೀದಿಗೆ) ಸಹಿ ಹಾಕುವ ಮೊದಲೇ ಮೇಲ್ ಮಾಡಿ, ವೋಚರ್ ಮೇಲೂ ಬರೆಯಿರಿ. ‘ಪೂರ್ಣ ಮತ್ತು ಅಂತಿಮ’ ಎಂದಿರುವ ಕಾಗದಕ್ಕೆ ಸುಮ್ಮನೆ ಸಹಿ ಹಾಕಿ ಆಮೇಲೆ ಒತ್ತಡವಿತ್ತು ಎಂದು ಸಾಬೀತು ಮಾಡುವುದು ಬಹಳ ಕಷ್ಟ.

ಸಾಲದ ವಿಷಯ: ಕಂಪನಿಯ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. 3,10,000ದಲ್ಲಿ ನಿಮಗೆ ಉಳಿಯುವುದು 70,000 ಮತ್ತು ಮಾರಾಟವಾಗದ ಒಂದು ಗಾಡಿ. ಸಾಲ ತೀರುವವರೆಗೆ ಕಂತು ನಿಲ್ಲಿಸಬೇಡಿ, ಸಿಬಿಲ್ (ಸಾಲದ ಅಂಕ) ಕೆಡುತ್ತದೆ.

ಗಾಡಿ ಕೊಡುವಾಗ ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಯಾರು ಎಷ್ಟೇ ಅವಸರ ಮಾಡಿದರೂ ಸಹಿ ಹಾಕಲೇಬೇಡಿ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಆ ಗಾಡಿ ಎಲ್ಲೋ ರಿಪೇರಿಯಾಗಿ ಓಡಿ ಅಪಘಾತ ಮಾಡಿದರೆ ನೋಟಿಸ್ ಸಿಂಧನೂರಿಗೆ ಬರುತ್ತದೆ. ಬಳಕೆಗೆ ಬಾರದ ಗಾಡಿ ಎಂದಾದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 55ರಂತೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಿ, ರದ್ದಾದ ಪ್ರತಿ ಇಟ್ಟುಕೊಳ್ಳಿ. ಫಾಸ್ಟ್ಯಾಗ್ ಕೂಡ ಮುಚ್ಚಿಸಿ.

ಕೊನೆಯದಾಗಿ ವರ್ಕ್‌ಶಾಪ್. ಟೋಟಲ್ ಲಾಸ್ ಎಂದ ಮೇಲೆ ದಿನದ ಪಾರ್ಕಿಂಗ್ ಚಾರ್ಜ್ ಓಡತೊಡಗುತ್ತದೆ. ತೀರ್ಮಾನ ತಡವಾದಷ್ಟು ದಿನದ ಬಾಡಿಗೆ ಕಂಪನಿಯದು ಎಂದು ಮೊದಲ ಮೇಲ್‌ನಲ್ಲೇ ಬರೆದುಬಿಡಿ. ಒಮ್ಮೆ ಹೋಗಿ ಬ್ಯಾಟರಿ, ಐದೂ ಚಕ್ರ, ಸ್ಟೀರಿಯೋ, ಓಡೋಮೀಟರ್, ಚಾಸಿ ನಂಬರ್ ಎಲ್ಲದರ ಫೋಟೋ ತೆಗೆದು ತಾರೀಖು ಹಾಕಿಸಿ ಸಹಿ ಪಡೆಯಿರಿ. ಒಂದು ಸಾಮಾನು ಕಾಣೆಯಾದರೂ ಬಿಡ್‌ದಾರ ಬೆಲೆ ಇಳಿಸುವುದಕ್ಕೆ ಅದನ್ನೇ ಹಿಡಿದುಕೊಳ್ಳುತ್ತಾನೆ.