ಆ ನಾಲ್ಕು ವರ್ಷ ಎಲ್ಲಿ?

ನಮಸ್ಕಾರ,

ಡೆಫ್ ಲೆಪರ್ಡ್ ರಾಕ್ ಬ್ಯಾಂಡ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅಚ್ಚು ಹಾಕಲು ಆಗುವುದಿಲ್ಲ. ಆದರೆ ಇದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

1977ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬ್ಯಾಂಡ್ ಹುಟ್ಟಿದ್ದು, 1980ರಲ್ಲಿ ಮೊದಲ ಆಲ್ಬಂ, 1983ರಲ್ಲಿ ‘ಪೈರೋಮೇನಿಯಾ’, 1987ರಲ್ಲಿ ‘ಹಿಸ್ಟೀರಿಯಾ’, ಪ್ರತಿಯೊಂದರ ಪಕ್ಕ ಮಾರಾಟದ ಲೆಕ್ಕ. ಇಸವಿಗಳೆಲ್ಲ ಸರಿಯಾಗಿವೆ. ಶ್ರಮಪಟ್ಟಿದ್ದೀರಿ, ಗೊತ್ತಾಗುತ್ತದೆ. ಆದರೆ ಓದಿ ಮುಗಿಸಿದಾಗ ಒಬ್ಬ ಮನುಷ್ಯನ ಮುಖವೂ ನನ್ನ ಕಣ್ಣ ಮುಂದೆ ಬರಲಿಲ್ಲ.

1983ಕ್ಕೂ 1987ಕ್ಕೂ ನಡುವೆ ನಾಲ್ಕು ವರ್ಷ ಇದೆ ಅಲ್ವಾ? ಅದನ್ನು ಒಂದೇ ಸಾಲಿನಲ್ಲಿ ದಾಟಿದ್ದೀರಿ: ‘ಡ್ರಮ್ಮರ್ ಅಪಘಾತದಲ್ಲಿ ಕೈ ಕಳೆದುಕೊಂಡರೂ ಬ್ಯಾಂಡ್ ಎದೆಗುಂದದೆ ಮುನ್ನುಗ್ಗಿತು.’ ನಾನು ಓದಬೇಕು ಅಂದುಕೊಂಡಿದ್ದೆಲ್ಲ ಆ ಸಾಲಿನೊಳಗೆ ಹೂತುಹೋಗಿದೆ.

1984ರ ಡಿಸೆಂಬರ್ 31. ಶೆಫೀಲ್ಡ್ ಹತ್ತಿರ ಡ್ರಮ್ಮರ್ ರಿಕ್ ಅಲೆನ್ ಓಡಿಸುತ್ತಿದ್ದ ಕಾರು ರಸ್ತೆ ಬಿಟ್ಟು ಹಾರಿತು. ಎಡಗೈ ಕಿತ್ತುಹೋಯಿತು. ಡಾಕ್ಟರುಗಳು ಮತ್ತೆ ಜೋಡಿಸಿದರು, ಆದರೆ ಸೋಂಕು ತಗುಲಿ ತೆಗೆಯಲೇಬೇಕಾಯಿತು. 15ನೇ ವಯಸ್ಸಿಗೇ ಬ್ಯಾಂಡ್ ಸೇರಿದ್ದ ಹುಡುಗ, ಆಗಿನ್ನೂ 21. ಆಸ್ಪತ್ರೆಯಲ್ಲಿ ಕೆಳಗೆ ಜಾರದಿರಲಿ ಅಂತ ಹಾಸಿಗೆಯಲ್ಲಿ ಅವರ ಪಾದದ ಬುಡಕ್ಕೆ ಫೋಮ್ ತುಂಡೊಂದನ್ನು ಇಟ್ಟಿದ್ದರು. ಅದರ ಮೇಲೆ ಪಾದದಿಂದ ತಾಳ ಹಾಕುತ್ತ ಹಾಕುತ್ತ, ಎಡಗೈ ಮಾಡುತ್ತಿದ್ದ ಕೆಲಸವನ್ನು ಎಡಗಾಲಿಗೆ ಕಲಿಸಬಹುದು ಅಂತ ಅವರಿಗೆ ಹೊಳೆಯಿತು. ನಿಮ್ಮ ಲೇಖನಕ್ಕೆ ಆ ಫೋಮ್ ತುಂಡು ಬೇಕು. ಮಾರಾಟದ ಲೆಕ್ಕಕ್ಕಿಂತ ಜಾಸ್ತಿ ಬೇಕು.

‘ವಿಶೇಷ ವಿನ್ಯಾಸದ ಡ್ರಮ್’ ಅಂತ ಬರೆದು ಮುಂದೆ ಹೋಗಿದ್ದೀರಿ. ಬಿಡಿಸಿ ಹೇಳಿ. ಅದು ಸಿಮ್ಮನ್ಸ್ ಕಂಪನಿಯ ಎಲೆಕ್ಟ್ರಾನಿಕ್ ಡ್ರಮ್. ಎಡಗಾಲಿನ ಕೆಳಗೆ ಪೆಡಲ್‌ಗಳು. ಒಂದನ್ನು ತುಳಿದರೆ ಸ್ನೇರ್ ಸದ್ದು. ಸ್ನೇರ್ ಅಂದರೇನು ಅಂತ ನಮ್ಮ ಓದುಗರು ಕೇಳುತ್ತಾರೆ. ‘ಡುಂ-ಟಕ್’ ಅನ್ನುವಾಗ ಬರುವ ಆ ‘ಟಕ್’ ಅದು ಅಂತ ಹೇಳಿ, ಸಾಕು.

1986ರ ಆಗಸ್ಟ್‌ನಲ್ಲಿ ಐರ್ಲೆಂಡಿನಲ್ಲಿ ಕೆಲವು ಸಣ್ಣ ಕಾರ್ಯಕ್ರಮ ಕೊಟ್ಟರು. ಅಲೆನ್‌ಗೆ ಜೊತೆಯಾಗಿ ಜೆಫ್ ರಿಚ್ ಅನ್ನುವ ಇನ್ನೊಬ್ಬ ಡ್ರಮ್ಮರ್ ಇದ್ದರು. ಒಂದು ದಿನ ರಿಚ್ ಬರುವುದು ತಡವಾಯಿತು. ಅಲೆನ್ ಒಬ್ಬರೇ ಶುರು ಮಾಡಿದರು, ನಡೆದೇಹೋಯಿತು. ಅದೇ ತಿಂಗಳು ಇಂಗ್ಲೆಂಡಿನ ಡೋನಿಂಗ್ಟನ್‌ ರಾಕ್ ಉತ್ಸವದ ದೊಡ್ಡ ವೇದಿಕೆಗೆ ಒಬ್ಬರೇ ಡ್ರಮ್ಮರ್ ಆಗಿ ಹತ್ತಿದರು. ಬ್ಯಾಂಡಿನ ಗಾಯಕ ಜೋ ಎಲಿಯಟ್, ಅಲೆನ್ ಹೆಸರು ಹೇಳಿದಾಗ ಜನ ಕೂಗಿದ ಕೂಗು! ಇಲ್ಲಿ ಅವಸರ ಬೇಡ. ಇಡೀ ಒಂದು ಪ್ಯಾರಾ ಕೊಡಿ.

ಇಷ್ಟರ ನಡುವೆ ‘ಹಿಸ್ಟೀರಿಯಾ’ ಆಲ್ಬಂ ಕೆಲಸವೂ ಕುಂಟುತ್ತಿತ್ತು. ಮೊದಲು ಬಂದ ನಿರ್ಮಾಪಕ ಜಿಮ್ ಸ್ಟೈನ್‌ಮನ್ ಜೊತೆ ಹೊಂದಲಿಲ್ಲ. ದಣಿದು ದೂರ ಉಳಿದಿದ್ದ ‘ಪೈರೋಮೇನಿಯಾ’ದ ನಿರ್ಮಾಪಕ ಮಟ್ ಲ್ಯಾಂಗ್ ಮರಳಿ ಬಂದ ಮೇಲೆ ದಾರಿ ಸಿಕ್ಕಿತು. 1987ರ ಆಗಸ್ಟ್‌ನಲ್ಲಿ ಬಂದ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿದ್ದು 1988ರ ಜುಲೈನಲ್ಲಿ. ಹತ್ತಿರಹತ್ತಿರ ಒಂದು ವರ್ಷ! ನಿಮ್ಮ ಎರಡು ಕೋಟಿ ಪ್ರತಿಗಳ ಲೆಕ್ಕವನ್ನು ಇಲ್ಲಿ ತನ್ನಿ. ಇಷ್ಟು ಕಾದ ಮೇಲೆ ಬಂದರೆ ಆ ಸಂಖ್ಯೆಗೆ ತೂಕ ಬರುತ್ತದೆ.

ನನಗೆ ನಿಜಕ್ಕೂ ಬೇಸರವಾಗಿದ್ದು ಒಂದು. ಗಿಟಾರಿಸ್ಟ್ ಸ್ಟೀವ್ ಕ್ಲಾರ್ಕ್ ಹೆಸರೇ ನಿಮ್ಮ ಲೇಖನದಲ್ಲಿಲ್ಲ. ಅವರು ಕುಡಿತದಿಂದ ಹೊರಬರಲಾಗದೆ ಒದ್ದಾಡುತ್ತಿದ್ದರು. ಬ್ಯಾಂಡ್ ಅವರಿಗೂ ರಜೆ ಕೊಟ್ಟು ಕಾದಿತ್ತು. 1991ರ ಜನವರಿಯಲ್ಲಿ, ಮೂವತ್ತನೇ ವಯಸ್ಸಿಗೆ ಹೋಗಿಬಿಟ್ಟರು. ಅಲೆನ್‌ಗೆ ಕಾದವರೇ ಇವರಿಗೂ ಕಾದರು. ಅಲೆನ್ ಬಂದರು, ಇವರು ಬರಲಿಲ್ಲ. ಗೆದ್ದ ಕಥೆ ಕೆಡುತ್ತದೆ ಅಂತ ಇದನ್ನು ಬಿಟ್ಟಿದ್ದರೆ, ದಯವಿಟ್ಟು ಸೇರಿಸಿ.

‘ಧ್ರುವತಾರೆ’, ‘ಸಂಗೀತ ಲೋಕದ ದಿಗ್ಗಜರು’ ತೆಗೆದುಬಿಡಿ. ಅಪಘಾತದ ದಿನದಿಂದ ಶುರು ಮಾಡಿ. ಮೊದಲ ಎರಡು ಆಲ್ಬಂಗೆ ತಲಾ ಒಂದು ವಾಕ್ಯ ಸಾಕು. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ನಾನೇ ಕೂತು ತಿದ್ದುತ್ತೇನೆ.