ಮನೆಗೆ ಖಾಲಿಯಾಗಿ ಬರುತ್ತಿದ್ದ ಬುತ್ತಿ

ಆಕೆಗೆ 26 ವರ್ಷ. ಬಂಟ್ವಾಳ ಕಡೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಮಂಗಳೂರಿನ ಹಂಪನಕಟ್ಟೆಯ ಕಚೇರಿಯೊಂದಕ್ಕೆ ಬರುತ್ತಾಳೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಸಂಜೆ ನಾಲ್ಕಾದರೆ ತಲೆನೋವು, ಮನೆಗೆ ಹೋದರೆ ರೇಗಾಟ. ಡಾಕ್ಟರು ಪರೀಕ್ಷೆ ಮಾಡಿ, ದೋಷ ಏನೂ ಕಾಣದೆ ಆಪ್ತಸಮಾಲೋಚನೆಗೆ ನನ್ನ ಬಳಿ ಕಳಿಸಿದ್ದರು.

"ಮಧ್ಯಾಹ್ನ ಏನು ಊಟ ಮಾಡ್ತೀರಿ?" ಎಂದೆ. "ಅಮ್ಮ ಬುತ್ತಿ ಕಟ್ಟಿ ಕೊಡ್ತಾರೆ ಮೇಡಂ." ಕೇಳಿದ್ದಕ್ಕೆ ಅದು ಉತ್ತರ ಅಲ್ಲ ಅಲ್ವಾ?

ಜೂನ್, ಜುಲೈಯಲ್ಲಿ ಮಾತ್ರ ತಲೆನೋವು ಇರಲಿಲ್ಲವಂತೆ. ನನಗೆ ಅಲ್ಲೇ ಸಂಶಯ ಬಂತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬುತ್ತಿಯಲ್ಲಿ ಸೌತೆ ಹುಳಿ, ತಿಮರೆ (ಒಂದೆಲಗ) ಚಟ್ನಿ. "ಬೋಟು ಕಡಲಿಗಿಳಿದ ಮೇಲೆ ಅಮ್ಮ ಏನು ಕಟ್ತಾರೆ?" ಎಂದೆ. ಆಕೆಯ ಕಣ್ಣು ತುಂಬಿತು. "ಬಂಗುಡೆ ಪುಳಿಮುಂಚಿ." ಬಂಗುಡೆ ಮೀನಿನ ಹುಳಿ-ಖಾರದ ಸಾರು ಅದು.

ಹಿಂದಿನ ವರ್ಷ ಊಟದ ಕೋಣೆಯಲ್ಲಿ ಒಬ್ಬಳು "ಯಾರ ಡಬ್ಬದ್ದು ಈ ವಾಸನೆ?" ಎಂದಿದ್ದಳು. ಉಳಿದವರು ನಕ್ಕರು. ಅಂದಿನಿಂದ ಮೀನಿದ್ದ ದಿನ ಈಕೆಗೆ "ಹಸಿವಿಲ್ಲ". ಬೇರೆಯವರು ಉಣ್ಣುವಾಗ ಕಚೇರಿಯ ಫೋನು ಎತ್ತುವವಳು ಈಕೆ. ಸಂಜೆ ಬುತ್ತಿ ಬೀದಿನಾಯಿಗಳಿಗೆ. "ಅಮ್ಮ ಐದಕ್ಕೆ ಎದ್ದು ಮಾಡ್ತಾರೆ ಮೇಡಂ" ಎಂದು ತುಂಬಾ ಹೊತ್ತು ಅತ್ತಳು. ಹಸಿವಿಗಿಂತ ಈ ಸುಳ್ಳೇ ಆಕೆಯನ್ನು ಜಾಸ್ತಿ ತಿನ್ನುತ್ತಿತ್ತು.

ಮೊದಲು ಅಮ್ಮನಿಗೆ ನಿಜ ಹೇಳಿ ಎಂದೆ. ಊಟ ಮಾತ್ರ ಒಂದು ದಿನವೂ ತಪ್ಪಬಾರದು, ಬರಿಹೊಟ್ಟೆಯಿಂದಲೂ ತಲೆನೋವು ಬರುತ್ತದೆ. ಊಟದ ಬಿಡುವು ಕಚೇರಿ ಮಾಡುವ ಉಪಕಾರವೂ ಅಲ್ಲ. ಐದು ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸಬಾರದು, ನಡುವೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು ಎಂದು ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ಫೋನಿಗೆ ಸರದಿ ಹಾಕಲು ಮ್ಯಾನೇಜರನ್ನು ಕೇಳಿ ಎಂದೆ.

ಬಾವುಟಗುಡ್ಡೆಯ ಟಾಗೋರ್ ಪಾರ್ಕಿಗೆ ಹೋಗಿ ಒಬ್ಬಳೇ ಉಣ್ಣಲೇ ಎಂದು ಕೇಳಿದಳು. ಒಂದು ವಾರ ಸರಿ, ಆಮೇಲೆ ಬೇಡ ಎಂದೆ. ಆ ಕೋಣೆಯ ಕುರ್ಚಿ ಆಕೆಯದ್ದೂ ಹೌದು. ನಂಬಿಕೆಯ ಒಬ್ಬ ಗೆಳತಿಯ ಜೊತೆ ಅಲ್ಲೇ ಕೂತುಕೊಳ್ಳಿ, ಅಂದು ಮಾತಾಡಿದವಳಿಗೆ "ಅದು ನನಗೆ ಬೇಸರ ಆಗಿತ್ತು" ಎಂದಷ್ಟೇ ಹೇಳಿ ಎಂದೆ. ಆ ಒಂದು ವಾಕ್ಯವನ್ನು ನನ್ನೆದುರು ಐದಾರು ಸಲ ಹೇಳಿ ನೋಡಿದಳು.

ಮೂರನೇ ಭೇಟಿಗೆ ಬಂದಾಗ ತಲೆನೋವು ವಾರಕ್ಕೊಮ್ಮೆಗೆ ಇಳಿದಿತ್ತು. ಅಂದು ಮಾತಾಡಿದವಳು ಕ್ಷಮೆ ಕೇಳಲಿಲ್ಲ, ಬೇರೆ ಮೇಜಿಗೆ ಹೋದಳಂತೆ. ಅಮ್ಮ ಒಂದು ದಿನ ಮಾತೇ ಆಡಲಿಲ್ಲ. ಮರುದಿನ, "ನಾಳೆ ಪುಳಿಮುಂಚಿಯಾ, ಬೇಡವಾ?" ಎಂದು ಕೇಳಿದರಂತೆ. ಈಕೆ ಬೇಕು ಎಂದಳು.