ಬಾಲ್ ಬೇರಿಂಗ್ ಹಾಕಿಸುವ ಮುನ್ನ ಕಟರ್ ನೋಡಿ

ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದ ಶೆಡ್‌ನಲ್ಲಿ ಅಜ್ಜನ ಕಾಲದ ಸರ್ಫೇಸ್ ಪ್ಲೇನರ್ (ಮರದ ಮೈ ಹೆರೆದು ಸಮ ಮಾಡುವ ಯಂತ್ರ) ಇದೆ. ಎರಕದ ಮೇಲೆ ‘ರಾಬಿನ್‌ಸನ್, ರೋಚ್‌ಡೇಲ್’ ಎಂದಿದೆ. ಬ್ಲೇಡುಗಳನ್ನು ತಿರುಗಿಸುವ ಕಟರ್ ಷಾಫ್ಟ್ ಅಲುಗಾಡುತ್ತದೆ. ಬೇರಿಂಗಿನಲ್ಲಿ ಎರೆದಿರುವ ಮೆದು ಲೋಹವನ್ನು, ಅಂದರೆ ವೈಟ್ ಮೆಟಲ್ ಅನ್ನು, ತೆಗೆದು ಬಾಲ್ ಬೇರಿಂಗ್ ಹಾಕಿಸಿ ಎಂದು ಹಾಸನದ ಲೇತ್ ಅಂಗಡಿಯವರು ಹೇಳುತ್ತಾರೆ. ಹಾಕಿಸಲೇ? (ಫೋಟೊ ಲಗತ್ತಿಸಿದ್ದೇನೆ.)

ಬೇಡ. ಈ ಪ್ರಶ್ನೆ ಮಳೆಗಾಲದ ಜಿಗಣೆಯಂತೆ ಕಾಲು ಬಿಡುತ್ತಿಲ್ಲ, ಆದ್ದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಆ ಕಾಲದ ಯಂತ್ರಗಳಲ್ಲಿ ಬೇರಿಂಗ್ ಕೂರುವ ಜಾಗವನ್ನು ನುಣುಪಾಗಿ ಬೋರ್ ಮಾಡಿರುತ್ತಿರಲಿಲ್ಲ. ಷಾಫ್ಟನ್ನು ಟೇಬಲ್ಲಿಗೆ ಸಮವಾಗಿ ನಿಲ್ಲಿಸಿ ಸುತ್ತ ವೈಟ್ ಮೆಟಲ್ ಎರೆಯುತ್ತಿದ್ದರು. ಅಂದರೆ ಷಾಫ್ಟಿನ ನೇರ ನಿಂತಿರುವುದೇ ಆ ಲೋಹದ ಮೇಲೆ. ಅದನ್ನು ಕಿತ್ತರೆ ಉಳಿಯುವುದು ಒರಟು ಎರಕ ಮಾತ್ರ. ಅದನ್ನು ಬೋರ್ ಮಾಡಬೇಕು, ಬೇರಿಂಗ್ ಅಳತೆಗೆ ಷಾಫ್ಟನ್ನು ತೆಳುವಾಗಿಸಬೇಕು. ಷಾಫ್ಟ್ ಮುಂದೆ ಮುರಿಯುವುದು ಹಾಗೆ ತೆಳುವಾಗಿಸಿದ ಮೂಲೆಯಲ್ಲೇ.

ಅಲುಗಾಟಕ್ಕೆ ಮದ್ದು ನಿಮ್ಮ ಯಂತ್ರದೊಳಗೇ ಇದೆ. ಬೆಲ್ಟ್ ಕಳಚಿ, ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಮಾಪಕ) ಇಟ್ಟು, ಷಾಫ್ಟನ್ನು ಮೇಲಕ್ಕೆತ್ತಿ ನೋಡಿ. ವ್ಯಾಸದ ಪ್ರತಿ ಇಂಚಿಗೆ ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಸಡಿಲವಿರುವುದು ಸರಿಯಾದ ಲೆಕ್ಕ. ಎರಡಿಂಚಿನ ಷಾಫ್ಟ್ ಎರಡು ಥೌ ಅಲುಗಿದರೆ ಅದು ರೋಗವಲ್ಲ, ಎಣ್ಣೆ ನಿಲ್ಲುವ ಜಾಗ. ಅದಕ್ಕಿಂತ ಹೆಚ್ಚಿದ್ದರೆ ಬೇರಿಂಗಿನ ಮೇಲಿನ ಕ್ಯಾಪ್ ಬಿಚ್ಚಿ. ಎರಡೂ ಬದಿಯಲ್ಲಿ ತೆಳುವಾದ ತಗಡಿನ ಷಿಮ್‌ಗಳು ಸಿಗುತ್ತವೆ. ಎರಡೂ ಕಡೆಯಿಂದ ಸಮನಾಗಿ ತೆಗೆದು ಮತ್ತೆ ಬಿಗಿಯಿರಿ. ಓಡಿಸಿದ ಮೇಲೆ ಕ್ಯಾಪಿನ ಮೇಲೆ ಅಂಗೈ ಇಡಲಾಗದಷ್ಟು ಬಿಸಿಯಾದರೆ ಬಿಗಿ ಹೆಚ್ಚಾಯಿತು ಎಂದು ತಿಳಿಯಿರಿ. ಹಾಕಬೇಕಾದದ್ದು ತೆಳುವಾದ ಶುದ್ಧ ಎಣ್ಣೆ. ಜೀಪಿನಿಂದ ಇಳಿಸಿದ ಕರಿ ಎಣ್ಣೆಯನ್ನು ಸುರಿಯುವವರಿದ್ದಾರೆ, ಗ್ರೀಸ್ ಮೆತ್ತುವವರೂ ಇದ್ದಾರೆ. ಗ್ರೀಸಿಗೆ ಮರದ ಹೊಟ್ಟು ಅಂಟಿ ಎಣ್ಣೆ ಹರಿಯುವ ತೋಡೇ ಮುಚ್ಚಿಹೋಗುತ್ತದೆ.

ಷಿಮ್ ಮುಗಿದು ಲೋಹವೇ ಸವೆದಿದ್ದರೆ ಹೊಸದಾಗಿ ಎರೆಯಬೇಕು. ಹಳೆ ಬ್ಯಾಟರಿಯ ಸೀಸ ಕರಗಿಸಿ ಅಗ್ಗದಲ್ಲಿ ಎರೆದುಕೊಡುತ್ತೇನೆ ಎನ್ನುವವರನ್ನು ಗೇಟಿನಿಂದಲೇ ಕಳಿಸಿ. ಆ ಹೊಗೆ ವಿಷ, ಆ ಲೋಹವೂ ಆ ವೇಗಕ್ಕೆ ತಾಳುವುದಿಲ್ಲ. ಬೇಕಾದದ್ದು ತವರ, ಆಂಟಿಮನಿ, ತಾಮ್ರ ಬೆರೆತ ಲೋಹ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ರೂಪಿಸಿದ ಬೇರಿಂಗಿನ ಕಾಲದಿಂದ ಬಂದ ಬಗೆ ಇದು. ಒಣ ಕಡ್ಡಿ ಅದ್ದಿದರೆ ಕಂದಾಗಬೇಕು, ಹೊತ್ತಿಕೊಳ್ಳಬಾರದು: ಎರೆಯುವ ಹದ ಅದು. ಲೋಹ ಅಂಟದಂತೆ ಷಾಫ್ಟಿಗೆ ಸೀಮೆಎಣ್ಣೆ ಬುಡ್ಡಿಯ ಮಸಿ ಹಿಡಿಸುತ್ತಾರೆ. ಎರಕವನ್ನು ಮೊದಲು ಚೆನ್ನಾಗಿ ಬಿಸಿ ಮಾಡಿ ತೇವ ಓಡಿಸಲೇಬೇಕು. ಒಂದು ಹನಿ ನೀರು ಉಳಿದಿದ್ದರೂ ಆವಿಯಾಗಿ ಸಿಡಿದು ಕಾದ ಲೋಹವನ್ನು ಮುಖಕ್ಕೆ ಎರಚುತ್ತದೆ. ಗೋಡೆಯೂ ಬೆವರುವ ಆಷಾಢದ ಮಲೆನಾಡಿನಲ್ಲಿ ಈ ಕೆಲಸಕ್ಕೆ ನನ್ನನ್ನು ಕರೆಯಬೇಡಿ, ಬರುವುದಿಲ್ಲ. ಬೇಸಿಗೆಯವರೆಗೆ ಯಂತ್ರ ನಿಂತೇ ಇರಲಿ.

ಈಗ ನೀವು ಕೇಳದೇ ಇದ್ದ ವಿಷಯ. ನಿಮ್ಮ ಫೋಟೊದಲ್ಲಿ ಕಟರ್ ಹೆಡ್, ಅಂದರೆ ಬ್ಲೇಡುಗಳನ್ನು ಹಿಡಿದು ತಿರುಗುವ ದಿಮ್ಮಿ, ಚೌಕಾಕಾರದಲ್ಲಿದೆ. ಬೇರಿಂಗಿಗಿಂತ ನನಗೆ ಭಯ ಹುಟ್ಟಿಸಿದ್ದು ಅದು. ಚೌಕದ ಮೂಲೆ ತಿರುಗಲು ಟೇಬಲಿನ ಬಾಯಿ ಅಗಲವಾಗಿರಬೇಕಾಗುತ್ತದೆ. ಕೈ ಜಾರಿದರೆ ಆ ಬಾಯೊಳಗೆ ಆಳಕ್ಕೆ ಇಳಿಯುತ್ತದೆ. ದುಂಡು ಹೆಡ್ಡಿನಲ್ಲಾದರೆ ಗಾಯವಾದೀತು, ಬೆರಳುಗಳು ಬಹುಪಾಲು ಉಳಿಯುತ್ತವೆ. ಕೈಯಿಂದ ಮರ ತಳ್ಳುವ ಪ್ಲೇನರ್‌ಗಳಿಗೆ ದುಂಡು ಹೆಡ್ಡೇ ಇರಬೇಕು ಎಂದು ಬ್ರಿಟನ್ 1922ರಲ್ಲೇ ನಿಯಮ ಮಾಡಿತು. ನಿಮ್ಮದನ್ನು ಒಳ್ಳೆಯ ಟೂಲ್ ರೂಮಿನಲ್ಲಿ ದುಂಡು ಹೆಡ್ಡಿಗೆ ಬದಲಿಸಿ ಬ್ಯಾಲೆನ್ಸ್ ಮಾಡಿಸಿ, ಬ್ಲೇಡುಗಳನ್ನು ತಕ್ಕಡಿಯಲ್ಲಿ ಸಮತೂಕ ಮಾಡಿ. ಅಷ್ಟು ಖರ್ಚು ಬೇಡವೆಂದರೆ ಯಂತ್ರವನ್ನು ಬಣ್ಣ ಬಳಿದು ವರಾಂಡದಲ್ಲಿ ಇಡಿ, ಬೆಲ್ಟ್ ಮಾತ್ರ ಹಾಕಬೇಡಿ.

ತುಕ್ಕು ತೆಗೆಯಲು ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸಾಕೇ? — ಅರಸೀಕೆರೆ

ಬೇಡ. ಎರಕದ ರಂಧ್ರಗಳಲ್ಲಿ ಉಳಿದು ಮತ್ತೆ ತುಕ್ಕು ತರಿಸುತ್ತದೆ. ಸೀಮೆಎಣ್ಣೆ, ಬ್ಲೇಡು, ಮೊಣಕೈ ಬಲ.

ಬ್ಯಾಂಡ್ ಸಾ (ಪಟ್ಟಿ ಗರಗಸ) ಚಕ್ರದಲ್ಲಿ ಸಣ್ಣ ಬಿರುಕಿದೆ, ವೆಲ್ಡಿಂಗ್ ಮಾಡಿದರೆ ನಿಲ್ಲುವುದೇ? — ಬೇಲೂರು

ಅದನ್ನು ಗುಜರಿಗೆ ಹಾಕಿ. ವೆಲ್ಡ್ ಮಾಡಿಕೊಡುತ್ತೇನೆ ಎಂದವರನ್ನೇ ಮೊದಲ ದಿನ ಅದರ ಮುಂದೆ ನಿಲ್ಲಲು ಹೇಳಿ ನೋಡಿ.

ಹಳೆ ಯಂತ್ರದ ಮೂಲ ಬಣ್ಣ ತಿಳಿಯುವುದು ಹೇಗೆ? — ಕಡೂರು

ನಾಮಫಲಕದ ಹಿಂದೆ ಕೆರೆದು ನೋಡಿ, ಅಲ್ಲೇ ಉಳಿದಿರುತ್ತದೆ.

ಹಳೆ ಬ್ಯಾಂಡ್ ಸಾ ಸಿದ್ಧವಾಯಿತು. ಅಕ್ಕಪಕ್ಕದ ತೋಟಗಳ ಸಿಲ್ವರ್ ಓಕ್ ಕೊಯ್ದುಕೊಡಬಹುದೇ? — ಸಕಲೇಶಪುರ

ಅದು ನನ್ನ ಸ್ಪ್ಯಾನರಿಗೆ ಸಂಬಂಧಿಸಿದ್ದಲ್ಲ. ಸಾಮಿಲ್‌ಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಮೋಟಾರಿಗೆ ವೈರ್ ಎಳೆಯುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ.